ಹಳೆ ನೋವು ಇರುವವರು ಡ್ರಗ್ ಟೆಸ್ಟಿಗೆ ಹೋಗುವ ಮುಂಚೆ

ಮುಂಬೈ, ಪುಣೆ, ಗೋವಾ ಕಡೆ ಇರುವ ನಮ್ಮವರಲ್ಲಿ ಡ್ರಗ್ ಟೆಸ್ಟ್ ಎದುರಾಗುವವರು ಕಡಿಮೆಯೇನಿಲ್ಲ. ಹಡಗಿನ ಕೆಲಸದವರು, ವಿಮಾನ ಓಡಿಸುವವರು, ಗಲ್ಫಿಗೆ ಹೊರಟವರು, ಈಗೀಗ ಕೆಲವು ದೊಡ್ಡ ಕಂಪನಿಗೆ ಹೊಸದಾಗಿ ಸೇರುವವರು. ಇದೇ ಜನರಲ್ಲಿ ಸೊಂಟ ನೋವು, ಕುತ್ತಿಗೆ ನೋವು, ಆಕ್ಸಿಡೆಂಟ್ ಆದಮೇಲೆ ಕಾಲಲ್ಲಿ ಉಳಿದುಕೊಂಡ ಉರಿ ಅಂತ ವರ್ಷಗಟ್ಟಲೆ ಮಾತ್ರೆ ನುಂಗುವವರೂ ಇದ್ದಾರೆ. ಕೆಲವರು ಟೆಸ್ಟಿಗೆ ಹೆದರಿ ಮಾತ್ರೆ ಬಿಡುತ್ತಾರೆ. ಇನ್ನು ಕೆಲವರು ಡಾಕ್ಟರಿಗೆ ಹೆದರಿ ನೋವಿಗೆ ಗಾಂಜಾ ಸೇದುವ ವಿಷಯ ಮುಚ್ಚಿಡುತ್ತಾರೆ. ಎರಡೂ ಬೇಡ. ನೀವು ಏನೇನು ತಗೋತೀರಿ ಅನ್ನೋದು ಟೆಸ್ಟಿಗೆ ಮುಂಚೆಯೇ ಕಾಗದದ ಮೇಲೆ ಇರಬೇಕು, ರಿಪೋರ್ಟ್ ಬಂದಮೇಲೆ ಬಾಯಲ್ಲಿ ಹೇಳಿದರೆ ಯಾರೂ ಕೇಳಲ್ಲ.

ಮೊದಲು ಆ ಟೆಸ್ಟ್ ಏನು ನೋಡುತ್ತೆ ಅಂತ ತಿಳ್ಕೊಳ್ಳಿ. ಗಾಂಜಾದ ನಶೆ ಕೊಡುವ ಅಂಶ ಟಿಎಚ್‌ಸಿ. ಅದು ದೇಹದಲ್ಲಿ ಒಡೆದು ಇನ್ನೊಂದು ರೂಪಕ್ಕೆ ಬರುತ್ತೆ, ಕೊಬ್ಬಿನಲ್ಲಿ ಕೂತು ನಿಧಾನಕ್ಕೆ ಮೂತ್ರದಲ್ಲಿ ಹೋಗುತ್ತೆ. ಅದಕ್ಕೇ ಅಪರೂಪಕ್ಕೆ ಒಂದು ಸಲ ಸೇದಿದವರಲ್ಲಿ ಸುಮಾರು 3 ದಿನ ಸಿಗಬಹುದು, ದಿನಾ ಸೇದುವವರಲ್ಲಿ ಹತ್ತು ದಿನ ದಾಟಬಹುದು, ಬಹಳ ಕಾಲದಿಂದ ಜಾಸ್ತಿ ಸೇದಿದವರಲ್ಲಿ ತಿಂಗಳಾದರೂ ಇರಬಹುದು. ಪಾಸಿಟಿವ್ ಬಂತು ಅಂದರೆ ಆ ಮನುಷ್ಯ ಆಗ ನಶೆಯಲ್ಲಿದ್ದ ಅಂತೇನೂ ಅಲ್ಲ, ಆದರೆ ಕಂಪನಿಯವರಿಗೆ ಈ ವ್ಯತ್ಯಾಸ ಅಷ್ಟಾಗಿ ಬೇಕಾಗಿಲ್ಲ.

ಮೊದಲ ಸುತ್ತಿನದು ಸಾಮಾನ್ಯವಾಗಿ ಮೂತ್ರದಲ್ಲಿ ಅದ್ದುವ ಪಟ್ಟಿಯ (ಸ್ಟ್ರಿಪ್) ಅಥವಾ ಮೂತ್ರ ಹಿಡಿಯುವ ಕಪ್ಪಿನ ಟೆಸ್ಟ್. ಒಂದು ಮಿಲಿಲೀಟರ್ ಮೂತ್ರದಲ್ಲಿ 50 ನ್ಯಾನೋಗ್ರಾಂ ಮುಟ್ಟಿದರೆ ಪಾಸಿಟಿವ್ ಅನ್ನೋದು ಬಹಳ ಕಡೆ ಇರುವ ಲೆಕ್ಕ. ಈ ಪಟ್ಟಿ ಓದುವುದರಲ್ಲೇ ಎಷ್ಟೋ ಜನ ಎಡವುತ್ತಾರೆ. ಪ್ರೆಗ್ನೆನ್ಸಿ ಕಿಟ್ಟಿಗೆ ಇದು ಪೂರ್ತಿ ಉಲ್ಟಾ. ಪಟ್ಟಿಯ ಮೇಲೆ ಸಿ (C), ಟಿ (T) ಅಂತ ಎರಡು ಅಕ್ಷರ ಇರುತ್ತೆ. ಸಿ ಹತ್ತಿರ ಒಂದು ಗೆರೆ, ಟಿ ಹತ್ತಿರ ಒಂದು ಗೆರೆ, ಎರಡೂ ಬಂದರೆ ನೆಗೆಟಿವ್. ಟಿ ಹತ್ತಿರದ ಗೆರೆ ತೆಳ್ಳಗೆ, ಬೆಳಕಿಗೆ ಹಿಡಿದರೆ ಮಾತ್ರ ಕಾಣುವಷ್ಟಿದ್ದರೂ ನೆಗೆಟಿವ್ವೇ. ಸಿ ಗೆರೆ ಮಾತ್ರ ಬಂದು ಟಿ ಹತ್ತಿರ ಏನೂ ಇಲ್ಲ ಅಂದರೆ ಪಾಸಿಟಿವ್. ಸಿ ಗೆರೆಯೇ ಬರಲಿಲ್ಲ ಅಂದರೆ ಆ ಪಟ್ಟಿ ಕೆಟ್ಟಿದೆ, ಇನ್ನೊಂದು ತೆಗೀಬೇಕು. ತೆಳು ಗೆರೆ ನೋಡಿ ಪಾಸಿಟಿವ್ ಅಂತ ಬರೆಯೋಕೆ ಹೊರಟರೆ ಅಲ್ಲೇ ನಯವಾಗಿ ಕೇಳಿ.

ಈಗ ನೋವಿನವರಿಗೆ ಮುಖ್ಯವಾದ ವಿಷಯ. ನೋವಿನ ಮಾತ್ರೆ ಬರೆದ ಡಾಕ್ಟರು ಜೊತೆಗೆ ಗ್ಯಾಸ್ಟ್ರಿಕ್ಕಿಗೆ ಅಂತ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಮಾತ್ರೆ ಕೊಡುತ್ತಾರೆ ಅಲ್ವಾ? ಅದು ಬಹಳ ಸಲ ಪ್ಯಾಂಟೊಪ್ರಜೋಲ್. ಇದನ್ನು ತಗೊಳ್ಳುವವರಲ್ಲಿ ಗಾಂಜಾ ಟೆಸ್ಟ್ ಸುಳ್ಳು ಪಾಸಿಟಿವ್ ತೋರಿಸಿದ ವರದಿಗಳಿವೆ. ಎಚ್‌ಐವಿಗೆ ಕೊಡುವ ಎಫಾವಿರೆಂಜ್ ಮಾತ್ರೆಯದ್ದೂ ಇದೇ ಕಥೆ. ಅಫೀಮಿನ ಟೆಸ್ಟಿಗೆ ಬಂದರೆ, ಪಾಸಿಟಿವ್ ಬರೋಕೆ ಕೊಡೀನ್ ಇರುವ ಕೆಮ್ಮಿನ ಸಿರಪ್ ಸಾಕು. ಹಾಗೇ, ನಗಬೇಡಿ, ನಮ್ಮ ಗಸಗಸೆ ಪಾಯಸ. ಗಸಗಸೆಯಲ್ಲಿ ಅಫೀಮಿನಲ್ಲಿರುವ ಮಾರ್ಫಿನ್ ಅಂಶ ಸ್ವಲ್ಪ ನಿಜವಾಗಿಯೂ ಇರುತ್ತೆ. ಅಮೆರಿಕದವರು ಇದೇ ಗಲಾಟೆಗೆ 1998ರಲ್ಲಿ ಅಫೀಮಿನ ಟೆಸ್ಟಿನ ಮಿತಿಯನ್ನು 300ರಿಂದ 2000 ನ್ಯಾನೋಗ್ರಾಂಗೆ ಏರಿಸಿದರು, ಆದರೆ ಹಳೆ ಮಿತಿಯ ಕಿಟ್‌ಗಳು ಈಗಲೂ ಇವೆ. ಟೆಸ್ಟಿನ ವಾರ ಹಬ್ಬ ಬಂದರೆ ಪಾಯಸ ಶಾವಿಗೆಯದ್ದು ಮಾಡಿಸಿಕೊಳ್ಳಿ.

ಹಾಗಾಗಿ ಹೋಗುವ ಮುಂಚೆ ಒಂದು ಚೀಟಿ ಮಾಡಿ. ಕಳೆದ ಒಂದು ತಿಂಗಳಲ್ಲಿ ತಗೊಂಡ ಎಲ್ಲ ಮಾತ್ರೆ, ಸಿರಪ್, ಆಯುರ್ವೇದದ್ದೂ ಸೇರಿ. ಕಂಪನಿ ಇಟ್ಟ ಹೆಸರಿಗಿಂತ ಒಳಗಿನ ಔಷಧದ ಹೆಸರು, ಎಷ್ಟು ಮಿಲಿಗ್ರಾಂ, ಕೊನೆಗೆ ಯಾವತ್ತು ತಗೊಂಡಿರಿ ಅಂತ ಬರೀರಿ. ಈ ಹೆಸರು ಮಾತ್ರೆಯ ಪಟ್ಟಿಯ ಹಿಂದೆ ಸಣ್ಣ ಅಕ್ಷರದಲ್ಲಿ ಇರುತ್ತೆ, ನಾಲ್ಕು ಮಾತ್ರೆ ಒತ್ತಿ ತೆಗೆದ ಮೇಲೆ ಹರಿದು ಓದೋಕೇ ಆಗಲ್ಲ, ಅದಕ್ಕೆ ಪಟ್ಟಿ ಒಡೆಯುವ ಮುಂಚೆಯೇ ಮೊಬೈಲಲ್ಲಿ ಫೋಟೋ ತೆಗೆದಿಡಿ. ಡಾಕ್ಟರ ಚೀಟಿ ಮತ್ತು ಮೆಡಿಕಲ್ ಸ್ಟೋರಿನ ಬಿಲ್ ಜೊತೆಗಿರಲಿ. ಹಳೆ ಚೀಟಿ ಕಳೆದಿದ್ದರೆ ಆಸ್ಪತ್ರೆಯಲ್ಲಿ ದಾಖಲೆ ಕೇಳಿ, 2002ರ ವೈದ್ಯಕೀಯ ನಿಯಮದ ಪ್ರಕಾರ 72 ಗಂಟೆಯೊಳಗೆ ಕೊಡಬೇಕು. ಸ್ಯಾಂಪಲ್ ಕೊಡುವಾಗ ಬಾಟಲಿ ನಿಮ್ಮ ಎದುರೇ ಸೀಲ್ ಆಗಬೇಕು, ಅದರ ಮೇಲಿನ ನಂಬರ್ ಫಾರ್ಮಿನ ನಂಬರಿಗೆ ತಾಳೆ ಆಗಬೇಕು. ನೋಡದೆ ಸಹಿ ಹಾಕಬೇಡಿ.

ಪಾಸಿಟಿವ್ ಬಂದರೆ ಕಿರುಚಾಡಬೇಡಿ. ಉಳಿದ ಸ್ಯಾಂಪಲ್ಲಿಗೆ ಕನ್ಫರ್ಮೇಷನ್ ಟೆಸ್ಟ್ (ಲ್ಯಾಬಿನಲ್ಲಿ ಖಚಿತಪಡಿಸುವ ಎರಡನೇ ಟೆಸ್ಟ್) ಮಾಡಿಸಿ ಅಂತ ಬರೆದು ಕೇಳಿ. ಜಿಸಿ-ಎಂಎಸ್ ಅಥವಾ ಎಲ್‌ಸಿ-ಎಂಎಸ್ ಅಂತಾರೆ, ಪ್ಯಾಂಟೊಪ್ರಜೋಲ್ ಮಾಡಿದ ಗೊಂದಲ ಅದರಲ್ಲಿ ನಿಲ್ಲಲ್ಲ. ಇನ್ನು ಬಕೆಟ್‌ಗಟ್ಟಲೆ ನೀರು ಕುಡಿಯೋದು, ನಿಂಬೆ, ವಿನೆಗರ್, ಡಿಟಾಕ್ಸ್ ಪಾನಕ, ಇದೆಲ್ಲ ದುಡ್ಡು ದಂಡ. ನೀರು ಜಾಸ್ತಿಯಾದರೆ ಮೂತ್ರದಲ್ಲಿ ಸಹಜವಾಗಿ ಇರುವ ಕ್ರಿಯಾಟಿನಿನ್ ಅಂಶ ಇಳಿದು ಸ್ಯಾಂಪಲ್ ತೆಳುವಾಗಿದೆ ಅಂತ ಬರೆದು ಮತ್ತೆ ಕರೀತಾರೆ. ಮೂತ್ರದಲ್ಲಿ ಏನಾದರೂ ಬೆರೆಸಿ ಸಿಕ್ಕಿಬಿದ್ದರೆ ಪಾಸಿಟಿವ್‌ಗಿಂತ ಕೆಟ್ಟದು.

ಗಾಂಜಾವನ್ನು ನೋವಿಗೇ ಸೇದುವವರಿಗೆ ಒಂದು ಮಾತು. ಮಾದಕವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಸೇದಿದ್ದಕ್ಕೇ 6 ತಿಂಗಳವರೆಗೆ ಜೈಲು, 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಇದೆ. ರಸ್ತೆಯಲ್ಲಿ ಕೊಂಡದ್ದಕ್ಕೆ ಯಾವ ಡಾಕ್ಟರ ಚೀಟಿಯೂ ರಕ್ಷಣೆ ಅಲ್ಲ, ಗೋವಾದಲ್ಲಿ ಎಲ್ಲ ನಡೆಯುತ್ತೆ ಅನ್ನೋದು ಸುಮ್ನೆ ಬಾಯಿಮಾತು. ಆ ಕಾಯ್ದೆಯ ವ್ಯಾಖ್ಯೆಯಲ್ಲಿ ಬರೀ ಎಲೆ ಬರಲ್ಲ, ಆದರೆ ಎಲೆಯಿಂದ ಮಾಡುವ ಭಾಂಗ್ ಕೂಡ ಮಹಾರಾಷ್ಟ್ರದಲ್ಲಿ ರಾಜ್ಯದ ಪಾನನಿಷೇಧ ಕಾಯ್ದೆಯ ಕೆಳಗೆ ಬರುತ್ತೆ. ಆಯುರ್ವೇದದಲ್ಲಿ ವಿಜಯಾ ಹೆಸರಿನ ಎಲೆಯ ಔಷಧ ವೈದ್ಯರ ಉಸ್ತುವಾರಿಯಲ್ಲಿ ಕೊಡೋಕೆ ಅವಕಾಶ ಇದೆ. ಅದನ್ನು ತಗೊಳ್ಳುವವರು ಚೀಟಿ, ಬಿಲ್, ಬ್ಯಾಚ್ ನಂಬರ್ ಇಟ್ಟುಕೊಳ್ಳಿ. ಆದರೂ ಅದರಲ್ಲಿ ಟಿಎಚ್‌ಸಿ ಇದ್ದರೆ ಮೂತ್ರದಲ್ಲಿ ಅದೇ ಬರುತ್ತೆ, ಕನ್ಫರ್ಮೇಷನ್‌ನಲ್ಲೂ ಅದೇ ಬರುತ್ತೆ, ಚೀಟಿ ನೋಡಿಯೂ ಹಡಗಿನ ಕಂಪನಿ ಬೇಡ ಅನ್ನಬಹುದು. ಅಂಥ ಕೆಲಸ ಇದ್ದರೆ ಬೇರೆ ಔಷಧ ಕೊಡಿ ಅಂತ ವೈದ್ಯರನ್ನು ಮೊದಲೇ ಕೇಳಿ. ಇಷ್ಟಕ್ಕೂ ಗಾಂಜಾ ನೋವಿಗೆ ರಾಮಬಾಣ ಏನಲ್ಲ. ನೋವಿನ ಬಗ್ಗೆ ಕೆಲಸ ಮಾಡುವ ಅಂತಾರಾಷ್ಟ್ರೀಯ ಸಂಘ ಐಎಎಸ್‌ಪಿ 2021ರಲ್ಲಿ, ಪುರಾವೆ ಸಾಲದು, ಸಾಮಾನ್ಯ ಬಳಕೆಗೆ ಒಪ್ಪಿಗೆ ಕೊಡಲ್ಲ ಅಂತ ಹೇಳಿದೆ.

ನೋವಿನ ಡಾಕ್ಟರಿಗೆ ಮಾತ್ರ ಮುಚ್ಚಿಡಬೇಡಿ. ಅವರು ನಿಮ್ಮ ಮಾತನ್ನು ಗುಟ್ಟಾಗಿ ಇಡಬೇಕು, ಅದೂ ನಿಯಮವೇ. ‘ಡಾಕ್ಟ್ರೇ, ವಾರಕ್ಕೆ ಎರಡು-ಮೂರು ರಾತ್ರಿ ಸೇದುತ್ತೇನೆ, ಇಲ್ಲಾಂದ್ರೆ ಕಾಲುರಿಗೆ ನಿದ್ದೆ ಬರಲ್ಲ’ ಅಂತ ನೇರ ಹೇಳಿ. ಆಪರೇಷನ್ ಇದ್ದರಂತೂ ಅನಸ್ತೇಸಿಯಾದವರಿಗೆ ಹೇಳಲೇಬೇಕು, ದಿನಾ ಸೇದುವವರಿಗೆ ಅರಿವಳಿಕೆಯ ಪ್ರಮಾಣ ಬದಲಾಗಬಹುದು. ಅಮೆರಿಕದಲ್ಲಿ ಮೂತ್ರದಲ್ಲಿ ಗಾಂಜಾ ಸಿಕ್ಕಿತು ಅಂತ ನೋವಿನ ರೋಗಿಗಳನ್ನೇ ಹೊರಗೆ ಹಾಕಿದ ಕ್ಲಿನಿಕ್‌ಗಳಿದ್ದವು. ಟೆಸ್ಟ್ ರಿಸಲ್ಟ್ ನೋಡಿ ರೋಗಿಯನ್ನು ಬಿಡಬೇಡಿ ಅಂತ ಅಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ 2016ರಲ್ಲೇ ಹೇಳಿತು, 2022ರಲ್ಲಿ ಟೆಸ್ಟನ್ನು ಶಿಕ್ಷೆಯ ಥರ ಬಳಸಬಾರದು ಅಂತ ಮತ್ತೆ ಹೇಳಿತು. ನಿಮಗೂ ಯಾರಾದರೂ ಹಾಗೆ ಬಾಗಿಲು ಹಾಕಿದರೆ ಕಾರಣ ಬರೆದು ಕೊಡಿ ಅನ್ನಿ, ಇನ್ನೊಬ್ಬರ ಹತ್ತಿರ ಹೋಗಿ. ಸೇದೋದು ಬಿಡೋಕೆ ಸಹಾಯ ಬೇಕಾದರೆ 14446ಗೆ ಫೋನ್ ಮಾಡಿ, ಅದು ಉಚಿತ.

ಎಲ್ಲಿಗೆ ಹೋಗೋದು? 3 ತಿಂಗಳು ದಾಟಿದ ನೋವು ಅಂದರೆ ಬರೀ ಮೂಳೆ ಡಾಕ್ಟರು ಸಾಲದು. ದೊಡ್ಡ ಆಸ್ಪತ್ರೆಗಳಲ್ಲಿ ಪೇನ್ ಕ್ಲಿನಿಕ್ಕನ್ನು ಸಾಮಾನ್ಯವಾಗಿ ಅನಸ್ತೇಸಿಯಾ ವಿಭಾಗದವರೇ ನಡೆಸುತ್ತಾರೆ, ಕೇಸ್ ಪೇಪರ್ ಮಾಡಿಸುವ ಕಿಟಕಿಯಲ್ಲಿ ಆ ಹೆಸರು ಹೇಳಿಯೇ ಕೇಳಿ, ಇಲ್ಲದಿದ್ದರೆ ಆರ್ಥೋಗೆ ಕಳಿಸಿಬಿಡುತ್ತಾರೆ. ಉರಿ, ಜುಮ್ಮು, ಕರೆಂಟ್ ಹೊಡೆದ ಹಾಗೆ ಇದ್ದರೆ ಅದನ್ನು ಮೊದಲು ಹೇಳಿ, ನರದ ನೋವಿನ ಮಾತ್ರೆಗಳೇ ಬೇರೆ. ಕ್ಯಾನ್ಸರ್ ನೋವಿಗೆ ಪರೇಲಿನ ಟಾಟಾ ಮೆಮೋರಿಯಲ್, ಪುಣೆಯ ವಾರ್ಜೆಯಲ್ಲಿ 1997ರಿಂದ ಇರುವ ಸಿಪ್ಲಾ ಪ್ಯಾಲಿಯೇಟಿವ್ ಕೇರ್ ಕೇಂದ್ರ, ಕೊನೆ ಹಂತದವರಿಗೆ ಬಾಂದ್ರಾ ಮತ್ತು ಗೋವಾದ ಲೌಟೋಲಿಂನ ಶಾಂತಿ ಅವೇದನಾ ಸದನ ಇವೆ. ಮಾರ್ಫಿನ್ ಬೀದಿಯ ಮೆಡಿಕಲ್ಲಿನಲ್ಲಿ ಸಿಗೋದು ಕಷ್ಟ. ಎನ್‌ಡಿಪಿಎಸ್ ಕಾಯ್ದೆಗೆ 2014ರಲ್ಲಿ ತಿದ್ದುಪಡಿ ಆದಮೇಲೆ ಮಾನ್ಯತೆ ಪಡೆದ ಆಸ್ಪತ್ರೆಗಳು ಇಟ್ಟುಕೊಂಡು ಕೊಡಬಹುದು, ಅಲ್ಲೇ ಕೇಳಿ. ನೋವಿನ ಮಾತ್ರೆ ಟ್ರಮಡಾಲ್ ಕೂಡ 2018ರಿಂದ ಎನ್‌ಡಿಪಿಎಸ್‌ನಲ್ಲಿದೆ. ಅಂಗಡಿಯವರು ನಿಮ್ಮ ಹೆಸರು, ಡಾಕ್ಟರ ಹೆಸರು ರಿಜಿಸ್ಟರಿನಲ್ಲಿ ಬರೆದುಕೊಂಡರೆ ಅನುಮಾನ ಪಡಬೇಡಿ, ಅದು ಅವರ ಕೆಲಸ.

ಟೆಸ್ಟ್ ಇದೆ ಅಂತ ಟ್ರಮಡಾಲ್, ನರದ ನೋವಿಗೆ ಕೊಡುವ ಪ್ರಿಗ್ಯಾಬಲಿನ್, ನಿದ್ದೆ ಮಾತ್ರೆಗಳನ್ನು ಒಮ್ಮೆಲೇ ನಿಲ್ಲಿಸಬೇಡಿ. ಬೆವರು, ನಡುಕ, ನಿದ್ದೆ ಇಲ್ಲ, ಕೆಲವರಿಗೆ ಫಿಟ್ಸೂ ಬರಬಹುದು. ಕಡಿಮೆ ಮಾಡಬೇಕಾದರೆ ಡಾಕ್ಟರ ಜೊತೆ ನಿಧಾನಕ್ಕೆ.

ಗಲ್ಫಿಗೆ ಹೊರಟವರು ಇದನ್ನೂ ಗಮನಿಸಿ. ಯುಎಇಯಲ್ಲಿ ಟ್ರಮಡಾಲ್, ಪ್ರಿಗ್ಯಾಬಲಿನ್ ಎರಡೂ ನಿಯಂತ್ರಿತ. ಇಲ್ಲಿನ ಚೀಟಿ ಇದೆ ಅಂತ ಬ್ಯಾಗಿಗೆ ತುಂಬಿಕೊಂಡು ಹೋಗಬೇಡಿ, ಅಲ್ಲಿನ ಸರ್ಕಾರದ ಆನ್‌ಲೈನ್ ಅನುಮತಿ ಮೊದಲು ತಗೊಳ್ಳಿ, ಅದರ ಪ್ರಿಂಟು ಮಾತ್ರೆಯ ಜೊತೆಗೇ ಕೈಚೀಲದಲ್ಲಿ ಇರಲಿ. ಊರಿನವರು ಯಾರಿಗಾದರೂ ಕೊಟ್ಟುಬಿಡು ಅಂತ ಮಾತ್ರೆ ಪೊಟ್ಟಣ ಕೊಟ್ಟರೆ ಮುಲಾಜಿಲ್ಲದೆ ಬೇಡ ಅನ್ನಿ, ಅತ್ತೆಯೇ ಕೊಟ್ಟರೂ.