ಅಲೆಗೂದಲಿಗೆ ನೆತ್ತಿಯಲ್ಲಿ ಉಬ್ಬು ಬರಿಸಿದ್ದು ಹೀಗೆ

ನನ್ನದು ಲೇಯರ್ ಕಟ್ ಮಾಡಿಸಿದ ಅಲೆಗೂದಲು. ತಲೆ ತೊಳೆದ ಒಂದೆರಡು ಗಂಟೆಯಲ್ಲೇ ನೆತ್ತಿ ಚಪ್ಪಟೆ, ಕಿವಿಯಿಂದ ಕೆಳಗೆ ಮಾತ್ರ ಬುಸ್ ಎಂದು ಹರಡಿಕೊಂಡು ತ್ರಿಕೋನದ ಆಕಾರ.

ಕರ್ಲ್ ಕ್ರೀಮ್ ಭಾರಕ್ಕೆ ಅಲೆಯೇ ಜೋತುಬಿತ್ತು. ಸೀ ಸಾಲ್ಟ್ ಸ್ಪ್ರೇಯಿಂದ ಮೊದಲ ದಿನ ಚೆಂದ, ಮೂರನೇ ದಿನ ತುದಿಯೆಲ್ಲ ಹುಲ್ಲು. ಸೀರಮ್ಮಿನ ಡೈಮೆಥಿಕೋನ್ (ಒಂದು ಬಗೆಯ ಸಿಲಿಕೋನ್) ಕೂದಲ ಮೇಲೆ ಪದರವಾಗಿ ಕೂತಿತ್ತು. ಅದು ಹೋಗಿದ್ದು ಇಂಥ ಪದರ ತೊಳೆದು ತೆಗೆಯುವ ಕ್ಲಾರಿಫೈಯಿಂಗ್ ಶಾಂಪೂವಿನಿಂದ.

ಕೊನೆಗೆ ಕೆಲಸ ಮಾಡಿದ್ದು ಮೂಸ್, ಅಂದರೆ ನೊರೆಯಾಗಿ ಬರುವ ಸ್ಟೈಲಿಂಗ್ ಫೋಮ್. ಪದಾರ್ಥಗಳ ಪಟ್ಟಿಯಲ್ಲಿ ಪಿವಿಪಿ (PVP) ಅಥವಾ ವಿಪಿ/ವಿಎ ಕೋಪಾಲಿಮರ್ (VP/VA Copolymer) ಎಂಬ ಪಾಲಿಮರ್ ಇರಲಿ, ಎಣ್ಣೆ, ಶಿಯಾ ಬೆಣ್ಣೆಯಂಥವು ಬೇಡ. ಈ ಪಾಲಿಮರ್ ಒಣಗುತ್ತಾ ತೆಳು ಪೊರೆಯಾಗಿ ಬುಡವನ್ನು ಎತ್ತಿ ಹಿಡಿಯುತ್ತದೆ, ಭಾರ ಕೂರಿಸುವುದಿಲ್ಲ.

ಕಂಡಿಷನರ್ ಕಿವಿಯಿಂದ ಕೆಳಗೆ ಮಾತ್ರ. ಹಳೇ ಟಿ-ಶರ್ಟಿನಿಂದ ಒತ್ತಿ, ನೀರು ತೊಟ್ಟಿಕ್ಕುವುದು ನಿಂತ ಕೂಡಲೇ ತಲೆ ಬಗ್ಗಿಸಿ ನಿಂಬೆಹಣ್ಣಿನಷ್ಟು ಮೂಸನ್ನು ಬೆರಳ ತುದಿಯಿಂದ ಬುಡಕ್ಕೆ ಹಚ್ಚಬೇಕು. ಅಂಗೈಯಿಂದ ಸವರಿದರೆ ಮೇಲಿನ ಪದರಕ್ಕಷ್ಟೇ ಅಂಟುತ್ತದೆ (ನಾನು ತಿಂಗಳುಗಟ್ಟಲೆ ಮಾಡಿದ ತಪ್ಪು ಇದೇ). ಆಮೇಲೆ ನಾಣ್ಯದಷ್ಟು ಜೆಲ್, ತುದಿಗಳಿಗೆ ಮಾತ್ರ, ಮುಷ್ಟಿಯಲ್ಲಿ ಹಿಚುಕುತ್ತಾ. ಮೇಲಿನ ಲೇಯರ್ ಗಿಡ್ಡ. ಅದಕ್ಕೆ ಜೆಲ್ ತಾಗಿದರೆ ಮತ್ತೆ ಚಪ್ಪಟೆ.

ನೆತ್ತಿಯಲ್ಲಿ ನಾಲ್ಕು ಸಣ್ಣ ಕ್ಲಿಪ್, ಬುಡದಲ್ಲೇ, ಕೂದಲನ್ನು ತುಸು ಮೇಲಕ್ಕೆತ್ತಿ. ಡಿಫ್ಯೂಸರ್ (ಹೇರ್ ಡ್ರೈಯರ್ ಮೂತಿಗೆ ಹಾಕುವ, ಗಾಳಿ ಹರಡುವ ಬಟ್ಟಲು) ಕಡಿಮೆ ಶಾಖ, ಕಡಿಮೆ ವೇಗದಲ್ಲಿ. ಮೊದಲು ಬುಡ, ಆಮೇಲೆ ತುದಿ. ಮುಕ್ಕಾಲು ಪಾಲು ಒಣಗುವ ಮೊದಲೇ ಕೈ ಹಾಕಿದರೆ ಅಲೆ ಒಡೆದು ಎಳೆಎಳೆಯಾಗುತ್ತದೆ. ಪೂರ್ತಿ ಒಣಗಿದ ಮೇಲೆ ಕ್ಲಿಪ್ ತೆಗೆದು, ಗರಿಗರಿಯಾದ ತುದಿಗಳನ್ನು ಒಣ ಕೈಯಲ್ಲಿ ಹಿಚುಕಿದರೆ ಮೆತ್ತಗಾಗುತ್ತವೆ. ಬಾಚಣಿಗೆ ಮುಟ್ಟಿಸಬಾರದು.