ಹಳೇ ಫೈಬರ್ ಬೋಟ್‌ಗೆ ಹೊಸ ಎಂಜಿನ್: ಮೊದಲು ಹಿಂಬದಿ ಹಲಗೆ ತಟ್ಟಿ ನೋಡಿ

ಹಲಸು ಹಣ್ಣಾಗಿದೆಯೋ ಇಲ್ಲವೋ ಅಂತ ಹೇಗೆ ನೋಡುತ್ತೀರಿ? ಬೆರಳ ಗಿಣ್ಣಿನಿಂದ ತಟ್ಟುತ್ತೀರಿ. ಕಾಯಿಯಾದರೆ ಟಣ್ ಅನ್ನುತ್ತದೆ, ಹಣ್ಣಾದರೆ ದಬ್ ಅನ್ನುತ್ತದೆ. ಹಳೇ ಫೈಬರ್ ಬೋಟ್ ಪರೀಕ್ಷೆಯೂ ಇಷ್ಟೇ. ದಬ್ ಅಂದ ಕಡೆ ಒಳಗಿನ ಮರ ಕೊಳೆತಿದೆ ಅಂತ ತಿಳಿಯಿರಿ.

ಇದು ನನಗೆ ತಡವಾಗಿ ಗೊತ್ತಾಯಿತು. ಕೊಡಗಿನ ಕುಶಾಲನಗರದ ಹತ್ತಿರ ನಮ್ಮ ಮಾವನ ಕಾಫಿ ತೋಟದಲ್ಲಿ, ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಶೆಡ್ಡಿನ ಹಿಂದೆ, 14 ಅಡಿಯ ಬೋಟೊಂದು ವರ್ಷಗಟ್ಟಲೆ ಬಿದ್ದಿತ್ತು. ಅದರೊಳಗೆ ಸಿಲ್ವರ್ ಓಕ್ ಎಲೆ, ಮಳೆನೀರು, ಒಂದಷ್ಟು ಕಪ್ಪೆ. ನಾನು ಮೊದಲು ಮಾಡಿದ ಕೆಲಸ ಏನು ಗೊತ್ತಾ? ಮಂಗಳೂರಿಗೆ ಹೋಗಿ ಸೆಕೆಂಡ್ ಹ್ಯಾಂಡ್ ಎಂಜಿನ್ ತಂದದ್ದು. ಬೋಟ್‌ಗೆ ಹಾಕಲು ಹೋದರೆ ನೀರಿಗಿಳಿಯುವ ಅದರ ಕಾಲು ಬೇಕಾದ್ದಕ್ಕಿಂತ ಐದು ಇಂಚು ಉದ್ದ. ಅದನ್ನು ಬಿಗಿಯಬೇಕಾದ ಹಲಗೆಯಂತೂ ಒಳಗೆ ಅವಲಕ್ಕಿಯಾಗಿತ್ತು. ಹಾಗಾಗಿ ಈ ಲೇಖನದಲ್ಲಿ ಎಂಜಿನ್ ಮಾತು ಕೊನೆಗೆ ಬರುತ್ತದೆ.

ಹುತ್ತರಿಗೆ ಶುರು, ಹೂಮಳೆಗೆ ಮುಗಿಸಿ

ಫೈಬರ್ ಕೆಲಸಕ್ಕೆ ದೊಡ್ಡ ಶತ್ರು ತೇವ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನಲ್ಲಿ ಬಟ್ಟೆಯೇ ಒಣಗುವುದಿಲ್ಲ, ಇನ್ನು ಫೈಬರನ್ನು ಗಟ್ಟಿಯಾಗಿ ಹಿಡಿಸುವ ಅಂಟುದ್ರವ, ಅಂದರೆ ರೆಸಿನ್, ಎಲ್ಲಿ ಒಣಗೀತು? ನವೆಂಬರ್ ಕೊನೆ, ಡಿಸೆಂಬರ್ ಹೊತ್ತಿಗೆ ಬರುವ ನಮ್ಮ ಸುಗ್ಗಿ ಹಬ್ಬ ಹುತ್ತರಿ ಕಳೆದ ಮೇಲೆ ಶುರು ಮಾಡಿ. ಫೆಬ್ರವರಿ ಕೊನೆ, ಮಾರ್ಚ್ ಹೊತ್ತಿಗೆ ಕಾಫಿ ಹೂ ಅರಳಿಸುವ ಹೂಮಳೆ ಬರುವ ಮೊದಲು ಫೈಬರ್ ಕೆಲಸ ಮುಗಿದಿರಲಿ. ತೊಂದರೆ ಏನೆಂದರೆ ಕಾಫಿ ಕೊಯ್ಲಿನ ಕಾಲವೂ ಅದೇ. ಕಣದಲ್ಲಿ ಬೋಟ್ ಇಡುತ್ತೇನೆ ಅಂದರೆ ಮನೆಯಲ್ಲಿ ಬೈಗುಳ ಗ್ಯಾರಂಟಿ. ಶೆಡ್ಡಿನ ಪಕ್ಕದಲ್ಲಿ ಕಂಬ ನೆಟ್ಟು, ಎತ್ತರಕ್ಕೆ ಟಾರ್ಪಾಲ್ ಕಟ್ಟಿ. ಬೋಟಿಗೇ ಟಾರ್ಪಾಲ್ ಸುತ್ತಬೇಡಿ, ಒಳಗೆ ಬೆವರುತ್ತದೆ. ಗಾಳಿ ಆಡಬೇಕು.

ಡಿಸೆಂಬರ್, ಜನವರಿ ಬೆಳಿಗ್ಗೆ ಇಬ್ಬನಿ ಬಿದ್ದು ಫೈಬರ್ ಮೇಲೆ ನೀರು ಹನಿಯುತ್ತಿರುತ್ತದೆ. ರೆಸಿನ್‌ಗೆ ಕನಿಷ್ಠ 15 ಡಿಗ್ರಿ ಸೆಲ್ಸಿಯಸ್ ಬೇಕು. ಹನ್ನೊಂದು ಗಂಟೆಗೆ ಶುರು ಮಾಡಿ ಮೂರೂವರೆಗೆ ಡಬ್ಬ ಮುಚ್ಚಿ.

ತಟ್ಟಿ ನೋಡುವುದು

ಬೋಟನ್ನು ತೊಳೆದು, ಒಣಗಿಸಿ, ಪ್ಲಾಸ್ಟಿಕ್ ಹಿಡಿಯ ಸ್ಕ್ರೂಡ್ರೈವರ್ ತಿರುವಿ ಹಿಡಿದು ಅದರ ಹಿಡಿಯಿಂದ ಅಂಗೈ ಅಗಲಕ್ಕೊಂದು ಸಲ ತಟ್ಟುತ್ತಾ ಹೋಗಿ. ದಬ್ ಅಂದ ಜಾಗಕ್ಕೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಹೆಚ್ಚು ಗುರುತು ಬೀಳುವುದು ಮೂರು ಕಡೆ. ಎಂಜಿನ್ ನೇತಾಡುವ ಹಿಂಬದಿ ಹಲಗೆ, ಅಂದರೆ ಟ್ರಾನ್ಸಮ್. ನೆಲದ ಕೆಳಗೆ ಉದ್ದಕ್ಕೆ ಓಡುವ ತೊಲೆಗಳು, ಅಂದರೆ ಸ್ಟ್ರಿಂಗರ್. ಮತ್ತು ಕಾಲಿಡುವ ನೆಲ. ಹೊರಗೆ ಫೈಬರ್ ಕಂಡರೂ ಹಳೇ ಬೋಟುಗಳಲ್ಲಿ ಈ ಮೂರರ ಹೊಟ್ಟೆಯಲ್ಲಿರುವುದು ಮರ. ಯಾರೋ ಎಂದೋ ಹಾಕಿದ ಒಂದು ಸ್ಕ್ರೂ ಪಕ್ಕದಲ್ಲಿ ಇಳಿದ ನೀರು ಸಾಕು, ಅದು ಕೊಳೆಯುವುದಕ್ಕೆ.

ಅನುಮಾನ ಇದ್ದರೆ ಒಳಗಿನಿಂದ ಸಣ್ಣ ಬಿಟ್‌ನಲ್ಲಿ ತೂತು ಕೊರೆಯಿರಿ. ಹೊರಬರುವ ಪುಡಿ ಬೆಳ್ಳಗೆ, ಒಣಗಿದ್ದರೆ ಮರ ಚೆನ್ನಾಗಿದೆ. ನನ್ನ ಬೋಟಿನಲ್ಲಿ ಬಂದದ್ದು ಪುಡಿಯಲ್ಲ, ಕಾಫಿ ಚರಟದ ಹಾಗೆ ಕಪ್ಪು ಮುದ್ದೆ. ಬಿಟ್ ಸುತ್ತ ಅಂಟಿಕೊಂಡಿತ್ತು, ಹಿಂಡಿದರೆ ನೀರು. ಜೊತೆಗೆ ಬಂದಿದ್ದ ಆಚಾರಿ ಮೂಸಿ ನೋಡಿ, ‘ಅಣ್ಣ, ಇದಕ್ಕೆ ಎಂಜಿನ್ ಕಟ್ಟಿದ್ರೆ ಎಂಜಿನ್ ಒಂದೇ ನೀರಿಗೆ ಹೋಗ್ತದೆ, ಬೋಟ್ ದಡದಲ್ಲೇ ಇರ್ತದೆ’ ಅಂದ.

ನೆಲದ ಕೆಳಗೆ ತುಂಬಿರುವ ಫೋಮನ್ನೂ ಕಿತ್ತು ನೋಡಿ. ಹಳೇ ಫೋಮ್ ನೀರು ಕುಡಿದಿರುತ್ತದೆ. ಒಂದು ಲೀಟರ್ ನೀರು ಒಂದು ಕಿಲೋ. ಐವತ್ತು ಲೀಟರ್ ಕುಡಿದಿದ್ದರೆ ಒಂದು ಮೂಟೆ ಕಾಫಿ ಹೊತ್ತುಕೊಂಡು ತಿರುಗಿದ ಹಾಗೆ. ಅದರ ಜಾಗಕ್ಕೆ ಮೀನಿನ ಪೆಟ್ಟಿಗೆಯ ಥರ್ಮಾಕೋಲ್ ತುಂಬಿದರೆ ಆಯ್ತಲ್ಲ ಅನ್ನಿಸುತ್ತದೆ. ಬೇಡ. ಪಾಲಿಯೆಸ್ಟರ್ ರೆಸಿನ್ ತಾಗಿದರೆ ಥರ್ಮಾಕೋಲ್ ಕರಗಿಹೋಗುತ್ತದೆ. ನೀರು ಕುಡಿಯದ ಪಾಲಿಯುರಿಥೇನ್ ಫೋಮ್ ಹಾಕಿ.

ಹಿಂಬದಿ ಹಲಗೆ ಬದಲಿಸುವುದು

ಇಡೀ ಕೆಲಸದ ಜೀವ ಇಲ್ಲಿದೆ. ಹೊರಗಿನ ಫೈಬರ್ ಪದರವನ್ನು ಮುಟ್ಟಬೇಡಿ. ಬೋಟಿನ ಆಕಾರ ಉಳಿಯುವುದು ಅದರಿಂದಲೇ. ಒಳಗಿನ ಪದರವನ್ನು ಮಾತ್ರ ಗ್ರೈಂಡರ್‌ನಲ್ಲಿ ಅಂಚಿನಿಂದ ಎರಡು ಇಂಚು ಬಿಟ್ಟು ಕತ್ತರಿಸಿ ತೆಗೆಯಿರಿ. ಒಳಗಿನ ಕೊಳೆತ ಪ್ಲೈವುಡ್ಡನ್ನು ಉಳಿಯಲ್ಲಿ ಕೆರೆದು ಖಾಲಿ ಮಾಡಿ. ಅರ್ಧ ಭಾಗ ಕೈಯಲ್ಲೇ ಬರುತ್ತದೆ, ಉಳಿದರ್ಧಕ್ಕೆ ಎರಡು ದಿನ ಬೇಕು. ಗಟ್ಟಿ ಅನ್ನಿಸಿದ ತುಂಡನ್ನು ‘ಇರಲಿ ಬಿಡು’ ಅಂತ ಬಿಡಬೇಡಿ. ಅದರೊಳಗಿನ ತೇವ ಹೊಸ ಹಲಗೆಗೂ ದಾಟುತ್ತದೆ.

ಫೈಬರ್ ದೂಳು ಕೆಟ್ಟದ್ದು. ಮಾಸ್ಕ್, ಕನ್ನಡಕ, ತುಂಬುತೋಳಿನ ಅಂಗಿ ಹಾಕಿ. ಕೆಲಸ ಮುಗಿದ ಮೇಲೆ ತಣ್ಣೀರಲ್ಲಿ ತೊಳೆಯಿರಿ. ಬಿಸಿನೀರಿಗೆ ತುರಿಕೆ ಜಾಸ್ತಿಯಾಗುತ್ತದೆ ಅಂತ ಬಲ್ಲವರು ಹೇಳುತ್ತಾರೆ. ನಾನು ಬಿಸಿನೀರಲ್ಲಿ ಸ್ನಾನ ಮಾಡಿ ರಾತ್ರಿಯಿಡೀ ಕೆರೆದುಕೊಂಡಿದ್ದೇನೆ, ಹಾಗಾಗಿ ನಂಬುತ್ತೇನೆ.

ಹೊಸ ಹಲಗೆಗೆ ಐಎಸ್ 710 ಗುರುತಿರುವ ಮರೈನ್ ಪ್ಲೈವುಡ್ಡೇ ಬೇಕು. ಅಂಗಡಿಯವರು ‘ವಾಟರ್‌ಪ್ರೂಫ್’ ಅಂತ ಕೊಡುವ ಐಎಸ್ 303 ಅಡುಗೆಮನೆ ಕಪಾಟಿಗೆ ಸರಿ, ಇದಕ್ಕಲ್ಲ. ಮೊದಲು ರಟ್ಟಿನಲ್ಲಿ ಅಚ್ಚು ಕತ್ತರಿಸಿ, ಕೂರಿಸಿ ನೋಡಿ, ಆಮೇಲೆ ಪ್ಲೈ ಕತ್ತರಿಸಿ. 18 ಮಿಲಿಮೀಟರ್‌ನ ಎರಡು ಹಾಳೆಗಳನ್ನು ಎಪಾಕ್ಸಿ ಅನ್ನುವ ರೆಸಿನ್‌ನಲ್ಲಿ ಅಂಟಿಸಿದರೆ ಸಣ್ಣ ಬೋಟಿಗೆ ಬೇಕಾದ ದಪ್ಪ ಬರುತ್ತದೆ. ಎಲ್ಲ ಮುಖಕ್ಕೂ ರೆಸಿನ್ ಹಚ್ಚಿ. ಕತ್ತರಿಸಿದ ಅಂಚಿಗೆ ಎರಡು ಸಲ, ಮೂರು ಸಲ. ಅಂಚು ಸ್ಪಂಜಿನ ಹಾಗೆ ಹೀರುತ್ತದೆ, ಹೀರುವುದು ನಿಲ್ಲುವವರೆಗೂ ಹಚ್ಚುತ್ತಿರಿ.

ಇನ್ನು ಕೂರಿಸುವುದು. ಎಪಾಕ್ಸಿಗೆ ಸಿಲಿಕಾ ಪುಡಿ ಬೆರೆಸಿ ಕಡಲೆಕಾಯಿ ಚಟ್ನಿಯಷ್ಟು ಗಟ್ಟಿ ಮಾಡಿ. ಹೊರಪದರದ ಒಳಮೈಗೆ ಹಲ್ಲಿನ ಕರಣೆಯಲ್ಲಿ ಬಳಿದು, ಹಲಗೆ ಒತ್ತಿ, ಆ ಕಡೆ ಈ ಕಡೆ ಮರದ ಪಟ್ಟಿ ಕೊಟ್ಟು ಕ್ಲಾಂಪ್ ಬಿಗಿಯಿರಿ. ಸುತ್ತಲೂ ಚಟ್ನಿ ಹೊರಗೆ ಉಬ್ಬಿ ಬಂದರೆ ಒಳಗೆ ಟೊಳ್ಳಿಲ್ಲ ಅಂತ ಅರ್ಥ. ಬರದಿದ್ದರೆ ಬಿಚ್ಚಿ ಮತ್ತೆ ಬಳಿಯಿರಿ. ಮೂಲೆಗಳಲ್ಲಿ ಅದೇ ಚಟ್ನಿಯನ್ನು ಚಮಚದ ಬೆನ್ನಿನಲ್ಲಿ ಸವರಿ ದುಂಡಗೆ ಮಾಡಿ, ಏಕೆಂದರೆ ಮೇಲೆ ರೆಸಿನ್ ಹಚ್ಚಿ ಹಾಸುವ ಗಾಜಿನ ನಾರಿನ ಬಟ್ಟೆ ಚೂಪು ಮೂಲೆಗೆ ಮಡಚಿಕೊಳ್ಳುವುದಿಲ್ಲ. ಆಮೇಲೆ ಬಟ್ಟೆಯ ಪದರಗಳು, ಒಂದಕ್ಕಿಂತ ಇನ್ನೊಂದು ಎರಡು ಇಂಚು ಅಗಲ.

ಎಂಜಿನ್ ಬೋಲ್ಟ್‌ಗೆ ತೂತು ಕೊರೆಯುವಾಗ ನೇರವಾಗಿ ಬೋಲ್ಟ್ ಅಳತೆಗೆ ಕೊರೆಯಬೇಡಿ. ಒಂದೂವರೆ ಪಟ್ಟು ದೊಡ್ಡದು ಕೊರೆದು, ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಬೋಲ್ಟ್ ಅಳತೆಗೆ ಕೊರೆಯಿರಿ. ಆಗ ನೀರು ಒಳಗೆ ಬಂದರೂ ಮರಕ್ಕೆ ತಾಗುವುದಿಲ್ಲ. ಸೀಲ್ ಮಾಡಲು ಬಾತ್‌ರೂಮ್ ಸಿಲಿಕಾನ್ ಬೇಡ, ಬೋಟಿಗೆ ಅಂತ ಸಿಗುವ ಪಾಲಿಯುರಿಥೇನ್ ಸೀಲಂಟ್ ಬೇಕು.

ರೆಸಿನ್ ಯಾವುದು?

ಅಗ್ಗದ್ದು ಪಾಲಿಯೆಸ್ಟರ್, ದುಬಾರಿಯದ್ದು ಎಪಾಕ್ಸಿ. ಹಳೇ ಫೈಬರಿಗೂ ಮರಕ್ಕೂ ಎಪಾಕ್ಸಿ ಗಟ್ಟಿಯಾಗಿ ಹಿಡಿಯುತ್ತದೆ. ಹಿಂಬದಿ ಹಲಗೆಗೆ ಎಪಾಕ್ಸಿ, ಸೀಟು, ಪೆಟ್ಟಿಗೆಯಂಥ ಸಣ್ಣಪುಟ್ಟದಕ್ಕೆ ಪಾಲಿಯೆಸ್ಟರ್ ಅನ್ನುವುದು ನನ್ನ ಲೆಕ್ಕ. ಎಪಾಕ್ಸಿ ಜೊತೆ ನೇಯ್ದ ಗಾಜಿನ ಬಟ್ಟೆ ಬಳಸಿ. ಕೂದಲು ಚೆಲ್ಲಿದಂತಿರುವ ಮ್ಯಾಟ್‌ನ ಅಂಟು ಕರಗುವುದು ಪಾಲಿಯೆಸ್ಟರ್‌ನಲ್ಲಿ ಮಾತ್ರ. ಚದರ ಮೀಟರಿಗೆ 450 ಗ್ರಾಮ್ ತೂಗುವ ಮ್ಯಾಟ್ ಒಂದು ಪದರಕ್ಕೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ದಪ್ಪ ಕೊಡುತ್ತದೆ. ಮ್ಯಾಟ್ ತೂಕದ ಎರಡರಿಂದ ಎರಡೂವರೆ ಪಟ್ಟು ರೆಸಿನ್ ಹಿಡಿಯುತ್ತದೆ. ಖರೀದಿಗೆ ಈ ಲೆಕ್ಕ ಸಾಕು.

ಎಪಾಕ್ಸಿಯಲ್ಲಿ ಅದನ್ನು ಗಟ್ಟಿ ಮಾಡುವ ಹಾರ್ಡ್ನರ್ ಅಳತೆ ಡಬ್ಬದ ಮೇಲೆ ಬರೆದಷ್ಟೇ. ಬೇಗ ಒಣಗಲಿ ಅಂತ ಜಾಸ್ತಿ ಹಾಕಿದರೆ ಕೆಡುತ್ತದೆ. ನಮ್ಮ ತೇವದ ಗಾಳಿಯಲ್ಲಿ ಗಟ್ಟಿಯಾದ ಎಪಾಕ್ಸಿ ಮೇಲೆ ಮೇಣದಂಥ ಜಿಡ್ಡು ಕೂರುತ್ತದೆ. ಮುಂದಿನ ಪದರಕ್ಕೆ ಮೊದಲು ನೀರು ಮತ್ತು ಪಾತ್ರೆ ಉಜ್ಜುವ ನಾರಿನಿಂದ ತೊಳೆದು, ಒಣಗಿಸಿ, ಉಪ್ಪು ಕಾಗದ ಹಾಕಿ.

ಪಾಲಿಯೆಸ್ಟರ್‌ಗೆ ಕೆಲವು ಅಂಗಡಿಯಲ್ಲಿ ಎರಡು ಪುಟ್ಟ ಬಾಟಲಿ ಕೊಡುತ್ತಾರೆ: ನೇರಳೆ ಬಣ್ಣದ ಕೋಬಾಲ್ಟ್, ನೀರಿನ ಹಾಗಿರುವ ಕೆಟಲಿಸ್ಟ್. ಇವೆರಡನ್ನು ಒಂದಕ್ಕೊಂದು ನೇರವಾಗಿ ಬೆರೆಸಿದರೆ ಬೆಂಕಿ ಹತ್ತಬಹುದು, ಸಿಡಿಯಬಹುದು. ಮೊದಲು ಕೋಬಾಲ್ಟನ್ನು ರೆಸಿನ್‌ಗೆ ಹಾಕಿ ಚೆನ್ನಾಗಿ ಕಲಸಿ, ಆಮೇಲೆ ಕೆಟಲಿಸ್ಟ್, ನೂರಕ್ಕೆ ಒಂದರಿಂದ ಎರಡು ಪಾಲು. ಕೋಬಾಲ್ಟ್ ಮೊದಲೇ ಬೆರೆತಿರುವ ರೆಸಿನ್ ಸಿಕ್ಕರೆ ಅದನ್ನೇ ತನ್ನಿ, ಹೊಸಬರಿಗೆ ಅದು ಕ್ಷೇಮ. ಕೆಟಲಿಸ್ಟ್ ಕಣ್ಣಿಗೆ ಹಾರಿದರೆ ಕಣ್ಣೇ ಹೋಗಬಹುದು. ಕನ್ನಡಕ ತೆಗೆಯಲೇಬೇಡಿ. ಕಲಸಿ ಉಳಿದ ರೆಸಿನ್ ಡಬ್ಬದಲ್ಲೇ ಕಾದು ಹೊಗೆ ಬರುತ್ತದೆ. ಅದನ್ನು ಶೆಡ್ಡಿನ ಹೊರಗೆ, ಬರೀ ನೆಲದ ಮೇಲೆ ಇಡಿ. ಕಾಫಿ ಚೀಲಗಳ ಪಕ್ಕದಲ್ಲಿ ಅಲ್ಲ.

ಬಣ್ಣದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎಪಾಕ್ಸಿ ಮೇಲೆ ಜೆಲ್‌ಕೋಟ್, ಅಂದರೆ ಫೈಬರ್ ಬೋಟಿನ ಹೊಳಪಿನ ಹೊರಲೇಪ, ಸರಿಯಾಗಿ ಕೂರುವುದಿಲ್ಲ, ಎರಡು ಡಬ್ಬದ್ದನ್ನು ಬೆರೆಸಿ ಹಚ್ಚುವ ಪಾಲಿಯುರಿಥೇನ್ ಪೇಂಟ್ ಹೊಡೆಯಿರಿ. ಸಿಹಿನೀರಲ್ಲಿ ಓಡಿಸಿ ದಡಕ್ಕೆ ಎಳೆದಿಡುವ ಬೋಟಿಗೆ ಸಮುದ್ರದವರು ಹಚ್ಚುವ ಪಾಚಿ ನಿರೋಧಕ ಬಣ್ಣ ಬೇಕಿಲ್ಲ.

ಈಗ ಎಂಜಿನ್

ಮೊದಲು ಅಳತೆ. ಹಿಂಬದಿ ಹಲಗೆಯ ಮೇಲಂಚಿನಿಂದ ಬೋಟಿನ ತಳದವರೆಗೆ ಟೇಪ್ ಹಿಡಿಯಿರಿ. 15 ಇಂಚಿಗೆ ಶಾರ್ಟ್ ಶಾಫ್ಟ್, 20 ಇಂಚಿಗೆ ಲಾಂಗ್ ಶಾಫ್ಟ್. ಪ್ರೊಪೆಲ್ಲರ್ ಮೇಲಿರುವ ಅಗಲ ತಟ್ಟೆ ಬೋಟಿನ ತಳದ ಮಟ್ಟಕ್ಕೆ, ಹೆಚ್ಚೆಂದರೆ ಒಂದು ಇಂಚು ಕೆಳಗೆ ಬರಬೇಕು. ನಾನು ತಂದದ್ದು 20, ನನ್ನ ಬೋಟಿನದು 15. ಕೊನೆಗೆ ಹಲಗೆ ಹೊಸದಾಗಿ ಮಾಡುವಾಗ ಎತ್ತರಿಸಿಕೊಂಡೆ, ಬಚಾವಾದೆ.

ಎಷ್ಟು ಹಾರ್ಸ್‌ಪವರ್? ಬೋಟಿನ ಮೇಲೆ ಗರಿಷ್ಠ ಹಾರ್ಸ್‌ಪವರ್ ಬರೆದ ತಯಾರಕರ ತಗಡು ಇದ್ದರೆ ಅದೇ ಕೊನೆ ಮಾತು. ಇಲ್ಲದಿದ್ದರೆ ಅಮೆರಿಕದ ಕೋಸ್ಟ್ ಗಾರ್ಡ್‌ನ ಲೆಕ್ಕ ಉಪಯೋಗಕ್ಕೆ ಬರುತ್ತದೆ. ಬೋಟಿನ ಉದ್ದವನ್ನು ಹಿಂಬದಿ ಅಗಲದಿಂದ ಗುಣಿಸಿ, ಎರಡೂ ಅಡಿಯಲ್ಲಿ. ನನ್ನದು 14 ಮತ್ತು 5, ಅಂದರೆ 70. ಕೈಯಲ್ಲಿ ಹಿಡಿದು ತಿರುಗಿಸುವ ಎಂಜಿನ್, ತಳ ಚಪ್ಪಟೆಯಾಗಿ ಅಂಚು ಚೂಪಾಗಿದ್ದರೆ ಅರ್ಧ ಮಾಡಿ 15 ಕಳೆಯಿರಿ: 20 ಹಾರ್ಸ್‌ಪವರ್. ಬೇರೆ ಆಕಾರದ ತಳಕ್ಕೆ 0.8ರಿಂದ ಗುಣಿಸಿ 25 ಕಳೆಯಿರಿ: 31. ಗುಣಲಬ್ಧ 52 ದಾಟಿದ ಬೋಟಿಗೆ ಮಾತ್ರ ಈ ಲೆಕ್ಕ. ಇದು ಗರಿಷ್ಠ ಮಿತಿ, ಇಷ್ಟು ಇರಲೇಬೇಕು ಅಂತಲ್ಲ. ಕೆರೆಯಲ್ಲಿ ಸುತ್ತಾಡಲು ಅರ್ಧ ಸಾಕು.

ಇಲ್ಲೊಂದು ಕೊಡಗಿನ ಕಥೆ ಇದೆ. ಹಾರಂಗಿ ಜಲಾಶಯದ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 2,859 ಅಡಿ. ಮೇಲೇರಿದಂತೆ ಗಾಳಿ ತೆಳುವಾಗುತ್ತದೆ, ಪ್ರತಿ ಸಾವಿರ ಅಡಿಗೆ ಎಂಜಿನ್ ಹೆಚ್ಚುಕಡಿಮೆ ನೂರಕ್ಕೆ ಮೂರರಷ್ಟು ಬಲ ಕಳೆದುಕೊಳ್ಳುತ್ತದೆ. ಮಂಗಳೂರಲ್ಲಿ 25 ಎಳೆದ ಎಂಜಿನ್ ಇಲ್ಲಿ 23ರ ಹತ್ತಿರ. ‘ಮಾರಿದವನು ಮೋಸ ಮಾಡಿದ’ ಅಂತ ಬೈಯುವ ಮೊದಲು ಪ್ರೊಪೆಲ್ಲರ್ ನೋಡಿ. ಪೂರ್ತಿ ಥ್ರಾಟಲ್ ಕೊಟ್ಟಾಗ ಕೈಪಿಡಿಯಲ್ಲಿ ಹೇಳಿದ ಆರ್‌ಪಿಎಂ ಮುಟ್ಟದಿದ್ದರೆ ಪಿಚ್, ಅಂದರೆ ಒಂದು ಸುತ್ತಿಗೆ ಎಷ್ಟು ಮುಂದೆ ತಳ್ಳುತ್ತದೆ ಅನ್ನುವ ಅಳತೆ, ಕಡಿಮೆ ಇರುವ ಪ್ರೊಪೆಲ್ಲರ್ ಹಾಕಿ. ಒಂದು ಇಂಚು ಪಿಚ್ ಇಳಿಸಿದರೆ 150ರಿಂದ 200 ಆರ್‌ಪಿಎಂ ಏರುತ್ತದೆ.

ಸೆಕೆಂಡ್ ಹ್ಯಾಂಡ್ ತರುವುದಾದರೆ ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಜೇಬಲ್ಲಿರಲಿ. ಎರಡು ಸಿಲಿಂಡರ್ ನಡುವೆ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಕೈ ಮುಗಿದು ಬನ್ನಿ. ಕೆಳಗಿನ ಗೇರ್ ಆಯಿಲ್ ಸ್ಕ್ರೂ ಬಿಚ್ಚಿ. ಎಣ್ಣೆ ಹಾಲು ಹಾಕಿದ ಕಾಫಿ ಬಣ್ಣಕ್ಕಿದ್ದರೆ ಒಳಗೆ ನೀರು ಹೋಗಿದೆ, ಸೀಲ್ ಹೋಗಿದೆ. ನೀರು ಎಳೆಯುವ ಪಂಪಿನ ರಬ್ಬರ್ ಇಂಪೆಲ್ಲರ್ ಹೇಗಿದ್ದರೂ ಹೊಸದು ಹಾಕಿ. ನೀರಿಲ್ಲದೆ ಒಂದು ನಿಮಿಷ ಕೂಡ ಎಂಜಿನ್ ಓಡಿಸಬೇಡಿ, ಆ ರಬ್ಬರ್ ಸುಟ್ಟುಹೋಗುತ್ತದೆ. ದೊಡ್ಡ ಡ್ರಮ್ಮಿಗೆ ನೀರು ತುಂಬಿ ಅದರಲ್ಲಿ ಇಳಿಬಿಟ್ಟು ಸ್ಟಾರ್ಟ್ ಮಾಡಿ, ಪಕ್ಕದ ಸಣ್ಣ ತೂತಿನಿಂದ ನೀರು ಚಿಮ್ಮುತ್ತಿರಬೇಕು.

ಪೆಟ್ರೋಲಿನದು ಇನ್ನೊಂದು ತಲೆನೋವು. ಈಗ ಬಂಕಿನಲ್ಲಿ ಸಿಗುವುದು ನೂರಕ್ಕೆ 20ರವರೆಗೆ ಎಥೆನಾಲ್ ಬೆರೆತದ್ದು. ಎಥೆನಾಲ್ ತೇವ ಹೀರುತ್ತದೆ, ನೀರು ಜಾಸ್ತಿಯಾದರೆ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಹಳೇ ರಬ್ಬರ್ ಪೈಪುಗಳನ್ನೂ ತಿನ್ನುತ್ತದೆ. ಪೈಪು ಹೊಸದು ಹಾಕಿ, ನೀರು ಬೇರ್ಪಡಿಸುವ ಫಿಲ್ಟರ್ ಕೂರಿಸಿ, ತಿಂಗಳುಗಟ್ಟಲೆ ಪೆಟ್ರೋಲ್ ಬಿಡಬೇಡಿ.

ನೀರಿಗಿಳಿಸುವ ಮುನ್ನ

ಎಂಜಿನ್ ಇರುವ ಬೋಟಿಗೆ 2021ರ ಒಳನಾಡು ಹಡಗುಗಳ ಕಾಯ್ದೆ ಅನ್ವಯಿಸುತ್ತದೆ, ನೋಂದಣಿ ಬೇಕು. ಹಾರಂಗಿ ಕಾವೇರಿ ನೀರಾವರಿ ನಿಗಮದ್ದು, ದುಬಾರೆ ಕಡೆ ಅರಣ್ಯ ಇಲಾಖೆಯವರಿದ್ದಾರೆ. ಕೇಳದೆ ಇಳಿಯಬೇಡಿ. ಮೊದಲ ಪರೀಕ್ಷೆಗೆ ತೋಟದ ಕೆರೆಯೇ ಸಾಕು. ಲೈಫ್ ಜಾಕೆಟ್ ಹಾಕಿಕೊಂಡು, ಎಳೆದು ಕಿತ್ತುಬಂದರೆ ಎಂಜಿನ್ ಆಫ್ ಆಗುವ ಕೆಂಪು ದಾರವನ್ನು ಕೈಗೆ ಸಿಕ್ಕಿಸಿಕೊಂಡು, ಇಬ್ಬರೇ ಹೋಗಿ. ಹತ್ತು ನಿಮಿಷ ಸುತ್ತಿ ದಡಕ್ಕೆ ಬಂದು, ಹಿಂಬದಿ ಹಲಗೆಯ ಒಳಮೈಗೆ, ಬೋಲ್ಟ್‌ಗಳ ಸುತ್ತ ಒಣ ಪೇಪರ್ ಒತ್ತಿ ನೋಡಿ. ಒದ್ದೆಯಾದರೆ ಬೋಲ್ಟ್ ಬಿಚ್ಚಿ ಮತ್ತೆ ಸೀಲ್ ಮಾಡಿ.

ಬೋಟಿನ ತಳದಲ್ಲಿ ನೀರು ಬಿಡುವ ಬಿರಡೆ ಇರುತ್ತದಲ್ಲ, ಮಳೆಗಾಲದಲ್ಲಿ ಅದನ್ನು ತೆಗೆದೇ ಇಡಬೇಕು, ಮುಂಭಾಗ ಸ್ವಲ್ಪ ಎತ್ತರಕ್ಕಿರಲಿ. ಹಾಗೆ ತೆಗೆದಿಟ್ಟದ್ದನ್ನು ಮರೆತು ನಾನೊಮ್ಮೆ ಕೆರೆಗಿಳಿಸಿದೆ, ಮೊಣಕಾಲವರೆಗೆ ನೀರು ಬಂದ ಮೇಲೆ ನೆನಪಾಯಿತು. ಈಗ ಬಿರಡೆಯನ್ನು ಆ ಕೆಂಪು ದಾರಕ್ಕೇ ಕಟ್ಟಿಡುತ್ತೇನೆ. ದಾರ ಸಿಕ್ಕಿಸದೆ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ, ದಾರ ಹಿಡಿದರೆ ಬಿರಡೆ ಕೈಗೆ ಬರುತ್ತದೆ.