ಹಳೆಯ ಕಾರಿನ ಟಾಪ್ ಅರ್ಧಕ್ಕೆ ನಿಲ್ಲದಿರಲು

ನನ್ನ ಕಾರಿನ ಟಾಪ್, ಅಂದರೆ ಗುಂಡಿ ಒತ್ತಿದರೆ ಮಡಚಿಕೊಂಡು ಹಿಂದೆ ಹೋಗುವ ಬಟ್ಟೆಯ ಛಾವಣಿ, ಮೊದಲ ಸಲ ಅರ್ಧಕ್ಕೆ ನಿಂತದ್ದು ಧಾರವಾಡದ ಜ್ಯುಬಿಲಿ ಸರ್ಕಲ್ಲಿನ ಹತ್ತಿರ, ಜುಲೈ ತಿಂಗಳ ಒಂದು ಸಂಜೆ. ಹನಿ ಬೀಳಲು ಶುರುವಾಯಿತೆಂದು ಗುಂಡಿ ಒತ್ತಿದೆ. ಡಿಕ್ಕಿಯ ಮುಚ್ಚಳ ಎದ್ದಿತು, ಬಟ್ಟೆಯ ಚೌಕಟ್ಟು ಒಂದು ಮೊಳ ಮೇಲೆ ಬಂದಿತು, ಅಷ್ಟೇ. ಬಾಯಿ ತೆರೆದು ಮಲಗಿದ ಮೊಸಳೆಯಂತೆ ಕಾರು ರಸ್ತೆಯ ಬದಿಯಲ್ಲಿ ನಿಂತುಬಿಟ್ಟಿತು. ಬಸ್ಸಿಗೆ ಕಾಯುತ್ತಿದ್ದ ಹಿರಿಯರೊಬ್ಬರು ಕೊಡೆ ಹಿಡಿದು ಬಂದು, "ತಾಡಪತ್ರಿ ಬೇಕೇ?" ಎಂದು ಕೇಳಿದರು. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಟ್ರ್ಯಾಕ್ಟರ್ ಮತ್ತು ಮಣ್ಣು ಅಗೆಯುವ ಯಂತ್ರಗಳ ಹೈಡ್ರಾಲಿಕ್ ಸಿಲಿಂಡರ್ ರಿಪೇರಿ ಮಾಡಿ ಹೊಟ್ಟೆ ಹೊರೆಯುವವನು ನಾನು. ದೀಪದ ಬುಡದಲ್ಲಿ ಕತ್ತಲೆ ಎಂದರೆ ಇದೇ.

ಕಾರಿನ ಹೆಸರು ಬೇಡ. ಪುಣೆಯಿಂದ ಸೆಕೆಂಡ್ ಹ್ಯಾಂಡ್ ತಂದದ್ದು, ಎರಡೇ ಸೀಟು, ಬಟ್ಟೆಯ ಟಾಪ್. ವಯಸ್ಸಾದ ಮೇಲೆ ಇಂಥ ಕಾರುಗಳೆಲ್ಲ ಹೆಚ್ಚುಕಡಿಮೆ ಒಂದೇ ಬಗೆಯಲ್ಲಿ ಹಟ ಹಿಡಿಯುತ್ತವೆ.

ಗುಂಡಿ ಒತ್ತಿದಾಗ ಒಳಗೆ ನಡೆಯುವುದೇನು ಎಂಬುದನ್ನು ಮೊದಲು ತಿಳಿದುಕೊಳ್ಳಿ. 1939ರಲ್ಲಿ ಅಮೆರಿಕದ ಪ್ಲಿಮತ್ ಕಾರಿನ ಟಾಪನ್ನು ಎತ್ತಿ ಇಳಿಸುತ್ತಿದ್ದದ್ದು ನಿರ್ವಾತದ ಬಲ. ಈಗ ಇಂಥ ಅನೇಕ ಕಾರುಗಳಲ್ಲಿ ಚಿಕ್ಕದೊಂದು ವಿದ್ಯುತ್ ಪಂಪ್ ಎಣ್ಣೆಯನ್ನು ಒತ್ತಡದಿಂದ ಸಿಲಿಂಡರುಗಳಿಗೆ ನೂಕುತ್ತದೆ, ಅವುಗಳ ದಂಡ ಹೊರಗೆ ಒಳಗೆ ಸರಿದು ಟಾಪನ್ನು ಎತ್ತಿ ಇಳಿಸುತ್ತದೆ. ಆದರೆ ಎಲ್ಲವೂ ಒಟ್ಟಿಗೆ ಚಲಿಸುವುದಿಲ್ಲ. ಕೊಂಡಿ ಬಿಚ್ಚಬೇಕು, ಮುಚ್ಚಳ ಏಳಬೇಕು, ಚೌಕಟ್ಟು ಮಡಚಬೇಕು, ಮುಚ್ಚಳ ಮತ್ತೆ ಕೂರಬೇಕು. ಪ್ರತಿ ಹಂತದ ಕೊನೆಯಲ್ಲೂ ಒಂದು ಸಣ್ಣ ಸ್ವಿಚ್ಚೋ ಸೆನ್ಸರೋ 'ಆಯಿತು' ಎಂದು ತಿಳಿಸಬೇಕು. ಹುಬ್ಬಳ್ಳಿ ರೈಲಿನ ಊರು, ಆದ್ದರಿಂದ ಹೀಗೆ ಹೇಳಿದರೆ ಇಲ್ಲಿಯವರಿಗೆ ಬೇಗ ಅರ್ಥವಾಗುತ್ತದೆ: ಮುಂದಿನ ಸ್ಟೇಷನ್ನಿನಿಂದ ಲೈನ್ ಕ್ಲಿಯರ್ ಬಾರದಿದ್ದರೆ ಗಾಡಿ ಹೊರಡುವುದಿಲ್ಲ. ಇಂಜಿನ್ ಎಷ್ಟೇ ಗಟ್ಟಿಯಾಗಿರಲಿ.

ಹಾಗಾಗಿ ಟಾಪ್ ನಿಂತ ತಕ್ಷಣ ಮಾಡಬೇಕಾದದ್ದು ಕಿವಿಗೊಡುವುದು. ಮೋಟಾರಿನ ಸದ್ದೇ ಇಲ್ಲವೆಂದರೆ ಬ್ಯಾಟರಿ, ಫ್ಯೂಸ್, ಮೋಟಾರಿಗೆ ವಿದ್ಯುತ್ ಬಿಡುವ ಸ್ವಿಚ್ಚಾದ ರಿಲೇ ನೋಡಿ. ಡಿಕ್ಕಿಯೊಳಗೆ ಸಾಮಾನಿಗೂ ಟಾಪಿಗೂ ನಡುವೆ ಇರುವ ಪರದೆ ಸರಿಯಾಗಿ ಸಿಕ್ಕಿಸದಿದ್ದರೂ ಅನೇಕ ಕಾರುಗಳು ಜಪ್ಪಯ್ಯ ಎಂದರೂ ಅಲ್ಲಾಡುವುದಿಲ್ಲ. ಇದಕ್ಕೆ ಮೆಕ್ಯಾನಿಕ್ ಬೇಕಿಲ್ಲ. ಮೋಟಾರು ಗುಯ್ಗುಡುತ್ತದೆ, ಟಾಪ್ ಏಳುವುದಿಲ್ಲ ಎಂದರೆ ಎಣ್ಣೆ ಕಡಿಮೆಯಾಗಿದೆ ಅಥವಾ ಎಲ್ಲೋ ಸೋರುತ್ತಿದೆ. ಪ್ರತಿ ಸಲವೂ ಅದೇ ಜಾಗದಲ್ಲಿ ನಿಂತರೆ ಆ ಹಂತದ ಸೆನ್ಸರ್ ಅಥವಾ ಅದರ ವೈರು. ನನ್ನದು ಈ ಮೂರನೆಯ ಜಾತಿ. ಪಂಪ್ ಬಿಚ್ಚಿದೆ, ಸಿಲಿಂಡರ್ ಬಿಚ್ಚಿದೆ, ಎರಡು ಭಾನುವಾರ ಹಾಳು ಮಾಡಿಕೊಂಡೆ. ಕೊನೆಗೆ ಸಿಕ್ಕಿದ್ದು ಡಿಕ್ಕಿ ಮುಚ್ಚಳದ ಕೀಲಿನ ಬಳಿ, ರಬ್ಬರ್ ಕೊಳವೆಯೊಳಗೆ ತುಂಡಾಗಿದ್ದ ಒಂದು ಕಂದು ವೈರು. ಹೊರಗಿನ ಪ್ಲಾಸ್ಟಿಕ್ ಹೊದಿಕೆ ಹಾಗೆಯೇ ಇತ್ತು, ಒಳಗಿನ ತಾಮ್ರ ಮುರಿದಿತ್ತು. ಸಾವಿರಾರು ಸಲ ಬಾಗಿ ನೆಟ್ಟಗಾದ ವೈರು ಮುರಿಯುವುದು ಅಲ್ಲಿಯೇ. ಮೊದಲು ಆ ಕೊಳವೆಯನ್ನು ಸರಿಸಿ, ಒಂದೊಂದೇ ವೈರನ್ನು ಮೆಲ್ಲಗೆ ಎಳೆದು ನೋಡಿ. ಮುರಿದದ್ದು ರಬ್ಬರಿನಂತೆ ಹಿಗ್ಗುತ್ತದೆ. ಬೆಸುಗೆ ಹಾಕುವುದಾದರೆ ಬಾಗುವ ಜಾಗದಲ್ಲಿ ಹಾಕಬೇಡಿ, ನಾಲ್ಕು ಬೆರಳು ಆಚೆಗೆ ಮೆತ್ತನೆಯ ಹೊಸ ವೈರು ಸೇರಿಸಿ ಹಾಕಿ.

ಬ್ಯಾಟರಿಯ ವಿಷಯ ಚಿಕ್ಕದು. ಕಾರು ರಾತ್ರಿಯೆಲ್ಲ ನಿಂತ ಮೇಲೆ 12.6 ವೋಲ್ಟ್ ಇರಬೇಕು, 12.2ಕ್ಕೆ ಇಳಿದಿದ್ದರೆ ಅರ್ಧ ಖಾಲಿ ಎಂದರ್ಥ. ಪಂಪ್ ಒಮ್ಮೆಗೇ ಹತ್ತಾರು ಆಂಪಿಯರ್ ಎಳೆಯುತ್ತದೆ, ಆಗ ವೋಲ್ಟೇಜ್ ಕುಸಿದರೆ ಕಂಪ್ಯೂಟರ್ ಹೆದರಿ ಎಲ್ಲವನ್ನೂ ನಿಲ್ಲಿಸುತ್ತದೆ. ಇಂಜಿನ್ ಚಾಲೂ ಇಟ್ಟೇ ಟಾಪ್ ತೆರೆಯಿರಿ. ಗೆಳೆಯರಿಗೆ ತೋರಿಸಲೆಂದು ಐದಾರು ಸಲ ಬೆನ್ನುಬೆನ್ನಿಗೆ ತೆರೆದು ಮುಚ್ಚಬೇಡಿ, ಮೋಟಾರು ಬಿಸಿಯಾಗುತ್ತದೆ. ಹಾಗೆಂದು ತಿಂಗಳುಗಟ್ಟಲೆ ಮುಚ್ಚಿಡುವುದೂ ತಪ್ಪು. ನನ್ನ ಅಂಗಡಿಗೆ ಬರುವ ಸಿಲಿಂಡರುಗಳಲ್ಲಿ ದುಡಿದು ಸವೆದವುಗಳಿಗಿಂತ ನಿಂತು ಕೆಟ್ಟವೇ ಹೆಚ್ಚು. ಎಣ್ಣೆ ಸೋರದಂತೆ ತಡೆಯುವ ಒಳಗಿನ ಸೀಲು ಒಂದೇ ಜಾಗದಲ್ಲಿ ಒತ್ತಿಕೊಂಡು ಗಟ್ಟಿಯಾಗುತ್ತದೆ. ಹದಿನೈದು ದಿನಕ್ಕೊಮ್ಮೆಯಾದರೂ ಪೂರ್ತಿ ತೆರೆದು ಮುಚ್ಚಿ.

ಈಗ ಎಣ್ಣೆ. ಇಲ್ಲಿ ನಾನು ಸ್ವಲ್ಪ ದನಿ ಏರಿಸಿಯೇ ಮಾತನಾಡುತ್ತೇನೆ. ಟ್ರ್ಯಾಕ್ಟರಿನ ಹೈಡ್ರಾಲಿಕ್ ಎಣ್ಣೆ ಹಾಕಬೇಡಿ. ಬ್ರೇಕ್ ಆಯಿಲನ್ನಂತೂ ಮುಟ್ಟಲೇಬೇಡಿ, ಖನಿಜ ಎಣ್ಣೆಗೆಂದು ಮಾಡಿದ ಸೀಲುಗಳು ಅದರಲ್ಲಿ ಉಬ್ಬಿ ಕೆಡುತ್ತವೆ. ಕಾರಿನ ಕೈಪಿಡಿಯಲ್ಲಿ ಅಥವಾ ಪಂಪಿನ ಡಬ್ಬಿಯ ಮೇಲೆ ಬರೆದಿರುವ ಎಣ್ಣೆಯೇ ಬೇಕು. ಒಂದರೊಳಗೆ ಇನ್ನೊಂದು ಬೆರೆಸಬೇಡಿ. ಮಟ್ಟ ನೋಡುವಾಗ ಟಾಪ್ ತೆರೆದಿರಬೇಕೋ ಮುಚ್ಚಿರಬೇಕೋ ಎಂಬುದನ್ನೂ ಓದಿಕೊಳ್ಳಿ. ಸಿಲಿಂಡರಿನ ದಂಡ ಹೊರಗೆ ಬಂದಾಗ ಅದರ ಜಾಗವನ್ನು ಎಣ್ಣೆ ತುಂಬುತ್ತದೆ, ಡಬ್ಬಿಯ ಮಟ್ಟ ಇಳಿಯುತ್ತದೆ. ಆ ಹೊತ್ತಿನಲ್ಲಿ ಕಡಿಮೆಯಾಗಿದೆಯೆಂದು ತುಂಬಿಸಿದರೆ ದಂಡ ಒಳಗೆ ಹೋದಾಗ ಎಣ್ಣೆ ಉಕ್ಕಿ ಕಾರ್ಪೆಟ್ಟಿಗೆ ಹರಿಯುತ್ತದೆ.

ಮುಂಗನ್ನಡಿಯ ಮೇಲಿನ ಕೊಂಡಿಗೂ ಸಿಲಿಂಡರ್ ಇರುವ ಕಾರಾದರೆ ಸೋರಿಕೆ ನೇರ ನಿಮ್ಮ ತಲೆಯ ಮೇಲೆಯೇ ಹನಿಯುತ್ತದೆ. ಉಳಿದೆಡೆ ಹುಡುಕಬೇಕು. ಪೈಪಿನ ಮೇಲೆ ಬೆರಳಾಡಿಸಿ ಹುಡುಕಬೇಡಿ. ನೂರು ಬಾರ್‌ಗೂ ಮಿಕ್ಕಿದ ಒತ್ತಡದಲ್ಲಿ ಕೂದಲೆಳೆಯಂತೆ ಚಿಮ್ಮುವ ಎಣ್ಣೆ ಚರ್ಮವನ್ನು ಸೀಳಿ ಒಳಗೆ ಹೋಗುತ್ತದೆ, ಅದಕ್ಕೆ ಆಸ್ಪತ್ರೆಯೇ ಗತಿ. ರಟ್ಟಿನ ತುಂಡು ಹಿಡಿದು ನೋಡಿ. ನನ್ನ ಎಡಗಡೆಯ ಸಿಲಿಂಡರನ್ನು ತೆರೆದಾಗ ಒಳಗಿನ ಸೀಲು ಸೀಲಾಗಿ ಉಳಿದಿರಲಿಲ್ಲ, ಬೆಲ್ಲದ ಪಾಕದಂತೆ ಬೆರಳಿಗೆ ಅಂಟಿತು. ಇಡೀ ಸಿಲಿಂಡರನ್ನೇ ಬದಲಿಸಬೇಕೆಂದು ದೊಡ್ಡ ಊರಿನವರು ಹೇಳುತ್ತಾರೆ. ದಂಡಕ್ಕೆ ಗೀರು ಬಿದ್ದಿಲ್ಲವೆಂದರೆ ಸೀಲು ಬದಲಿಸಿದರೆ ಸಾಕು. ಅಳತೆ ತೆಗೆದು ಹೊಸದು ಕೂರಿಸುವ ಅಂಗಡಿಗಳು ನಮ್ಮ ಕೈಗಾರಿಕಾ ಪ್ರದೇಶದಲ್ಲಿ ಇವೆ. ಒಂದು ಕಡೆಯದು ಹೋಗಿದ್ದರೂ ಎರಡೂ ಕಡೆ ಹಾಕಿಸಿ.

ಧಾರವಾಡದಲ್ಲಿ ಮರದ ಕೆಳಗೆ ನಿಲ್ಲಿಸುವವರಿಗೆ ಬೇರೆಯೇ ಕಾಟ. ಟಾಪ್ ಮಡಚಿ ಕೂರುವ ತಗ್ಗಿನ ಮೂಲೆಗಳಲ್ಲಿ ಮಳೆನೀರು ಇಳಿದುಹೋಗಲು ರಂಧ್ರಗಳಿರುತ್ತವೆ. ಮಾವಿನ ಎಲೆ ದೊಡ್ಡದು, ಮೇಲೆಯೇ ಉಳಿಯುತ್ತದೆ. ಹುಣಸೆಯ ಎಲೆ ಸೀದಾ ಒಳಗೆ ಇಳಿದು, ಹುಬ್ಬಳ್ಳಿಯ ಧೂಳಿನೊಂದಿಗೆ ಕಲಸಿ ಗಾರೆಯಾಗುತ್ತದೆ. ಕೆಲವು ಕಾರುಗಳಲ್ಲಿ ಪಂಪ್ ಇರುವುದೂ ಆ ನೀರಿಳಿಯುವ ಮೂಲೆಯಲ್ಲೇ. ರಂಧ್ರ ಕಟ್ಟಿದರೆ ಪಂಪ್ ಮುಳುಗುತ್ತದೆ. ಮೇ ಕೊನೆಗೊಮ್ಮೆ, ದಸರೆಯ ಹೊತ್ತಿಗೊಮ್ಮೆ ಅರ್ಧ ಲೀಟರ್ ನೀರು ಸುರಿದು ಕಾರಿನ ಕೆಳಗೆ ಬಗ್ಗಿ ನೋಡಿ. ನೀರು ಬಾರದಿದ್ದರೆ ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರವನ್ನು ತಿರುಗಿಸುತ್ತ ಇಳಿಸಿ. ಕಬ್ಬಿಣದ ತಂತಿ ರಂಧ್ರದ ಕೆಳಗಿನ ಕೊಳವೆಯನ್ನು ಹರಿದುಬಿಡುತ್ತದೆ, ಕಂಪ್ರೆಸರಿನ ಗಾಳಿ ಅದನ್ನು ಕೀಲಿನಿಂದ ಕಳಚುತ್ತದೆ.

ಯಾರೂ ನೋಡದ ಇನ್ನೊಂದು ಭಾಗವಿದೆ: ಒಳಗಿನ ಎಲಾಸ್ಟಿಕ್ ಪಟ್ಟಿ. ಟಾಪ್ ಮಡಚುವಾಗ ಬಟ್ಟೆಯನ್ನು ಒಳಕ್ಕೆ ಎಳೆದುಕೊಂಡು ಕಬ್ಬಿಣದ ತೋಳುಗಳ ಬಾಯಿಗೆ ಸಿಗದಂತೆ ಕಾಯುವುದು ಅದೇ. ಅದು ಸಡಿಲಾದರೆ ಬಟ್ಟೆ ಹೊರಗೆ ಜೋಲುತ್ತದೆ, ತೋಳುಗಳು ಕತ್ತರಿಯಂತೆ ಅದನ್ನು ಕಚ್ಚುತ್ತವೆ. ನನ್ನ ಟಾಪಿನ ಬಲಮೂಲೆಯಲ್ಲಿ ಎಂಟಾಣೆಯಷ್ಟು ಅಗಲದ ತೂತು ಬಿದ್ದದ್ದು ಹಾಗೆ. ದುರ್ಗದಬೈಲಿನಲ್ಲಿ ಒಂದು ಇಂಚು ಅಗಲದ ಬಿಗಿ ಎಲಾಸ್ಟಿಕ್ ಕೊಂಡು, ಸೀಟ್ ಕವರ್ ಹೊಲಿಯುವವರ ಹತ್ತಿರ ಹಳೆಯದರ ಉದ್ದಕ್ಕೇ ಹೊಲಿಸಿದೆ. ಮೊದಲ ವಾರ ಚೆನ್ನಾಗಿತ್ತು, ಆಮೇಲೆ ಮತ್ತೆ ಜೋಲಿತು. ಹಳೆಯ ಪಟ್ಟಿ ಹಿಗ್ಗಿ ಉದ್ದವಾಗಿತ್ತು, ನಾನು ಆ ಹಿಗ್ಗಿದ ಅಳತೆಯನ್ನೇ ಕೊಟ್ಟಿದ್ದೆ! ಎರಡು ಬೆರಳು ಗಿಡ್ಡ ಮಾಡಿಸಿದ ಮೇಲೆ ಸರಿಹೋಯಿತು. ಮಡಚುವಾಗ ಯಾರನ್ನಾದರೂ ಪಕ್ಕದಲ್ಲಿ ನಿಲ್ಲಿಸಿ ಬಟ್ಟೆ ಎತ್ತ ಹೋಗುತ್ತದೆಂದು ನೋಡಿಸಿ. ಚಾಲಕನ ಸೀಟಿನಿಂದ ಅದು ಕಾಣುವುದಿಲ್ಲ.

ಬಟ್ಟೆಯನ್ನು ತೊಳೆಯಲು ತಣ್ಣೀರು, ಮೆತ್ತನೆಯ ಬ್ರಷ್, ಸೌಮ್ಯವಾದ ಕಾರ್ ಶಾಂಪೂ ಸಾಕು. ಮೊದಲು ಒಣ ಬ್ರಷ್ಷಿನಿಂದ ಧೂಳು ತೆಗೆಯಿರಿ. ಇಲ್ಲದಿದ್ದರೆ ಮಡಿಕೆಗಳಲ್ಲಿ ಉಳಿದ ಧೂಳು ಮರಳು ಕಾಗದದಂತೆ ದಾರವನ್ನು ತಿನ್ನುತ್ತದೆ. ಒದ್ದೆ ಟಾಪನ್ನು ಮಡಚಿಡಬೇಡಿ, ನಮ್ಮ ಮಳೆಗಾಲದಲ್ಲಿ ಬೂಷ್ಟು ಹಿಡಿಯಲು ಹೆಚ್ಚು ದಿನ ಬೇಕಿಲ್ಲ. ರಬ್ಬರ್ ಪಟ್ಟಿಗಳಿಗೆ ಸಿಲಿಕೋನ್ ಹಚ್ಚಿ. ಪರಿಚಯದವರೊಬ್ಬರು ಕೊಬ್ಬರಿ ಎಣ್ಣೆ ಹಚ್ಚಿ ಆ ಧೂಳನ್ನೆಲ್ಲ ಅಲ್ಲಿಗೇ ಆಹ್ವಾನಿಸಿದ್ದರು. ಕೀಲುಗಳಿಗೂ ಅಷ್ಟೇ, ಗ್ರೀಸ್ ಬೇಡ, ಒಣಗಿ ಪೊರೆಯಾಗಿ ಉಳಿಯುವ ಟೆಫ್ಲಾನ್ ಸ್ಪ್ರೇ ಸಾಕು. ರಂಗಪಂಚಮಿಯ ದಿನ ಕಾರನ್ನು ಹುಬ್ಬಳ್ಳಿಯ ಬೀದಿಗೆ ತರಲೇಬೇಡಿ. ಬಟ್ಟೆಗೆ ಇಳಿದ ಬಣ್ಣವನ್ನು ತೆಗೆಯುವ ಉಪಾಯ ನನಗೆ ಇನ್ನೂ ಸಿಕ್ಕಿಲ್ಲ.

ಕೈಯಿಂದ ಮುಚ್ಚುವುದನ್ನು ಮಾತ್ರ ಮಳೆ ಬರುವ ಮೊದಲೇ, ಮನೆಯ ಅಂಗಳದಲ್ಲಿ ಕಲಿತುಕೊಳ್ಳಿ. ಅನೇಕ ಕಾರುಗಳಲ್ಲಿ ಪಂಪಿನ ಮೇಲೆ ಒಂದು ತಿರುಪು ಇರುತ್ತದೆ, ಅದನ್ನು ಸಡಿಲಿಸಿದರೆ ಒತ್ತಡ ಇಳಿಯುತ್ತದೆ. ಆಮೇಲೆ ಇಬ್ಬರು ಎರಡೂ ಕಡೆ ಸಮನಾಗಿ ಹಿಡಿದು ಎತ್ತಬೇಕು. ಒಂದೇ ಕಡೆ ಎಳೆದರೆ ಚೌಕಟ್ಟು ತಿರುಚುತ್ತದೆ. ನಾನೂ ನನ್ನ ಮಗಳೂ ಮೊದಲ ಸಲ ಮುಕ್ಕಾಲು ಗಂಟೆ ಒದ್ದಾಡಿದೆವು, ಈಗ ಐದಾರು ನಿಮಿಷ. ಕೆಲಸ ಮುಗಿದ ಮೇಲೆ ಆ ತಿರುಪನ್ನು ಮತ್ತೆ ಬಿಗಿಯಬೇಕು. ನಾನೊಮ್ಮೆ ಬಿಗಿಯಲು ಮರೆತು, ಮೋಟಾರು ತಿರುಗಿದರೂ ಟಾಪ್ ಏಳುತ್ತಿಲ್ಲವೆಂದು ಅರ್ಧ ದಿನ ಪಂಪನ್ನು ಬೈಯುತ್ತ ಕುಳಿತಿದ್ದೆ. ತಿರುಪು ಸಡಿಲಾಗಿರುವುದನ್ನು ತೋರಿಸಿದವಳು ಮಗಳು.